ಹಳೆಯ ಕುಟುಂಬ ಕಾರು ಮತ್ತು ವಾರ್ಷಿಕ ತಪಾಸಣೆ: ಬ್ರಿಟನ್ನಿನ ಎಂಒಟಿ ಹಾಗೂ ಮೊದಲ ತಲೆಮಾರಿನ ಫೋರ್ಡ್ ಫೋಕಸ್

ಬಳಕೆಯಲ್ಲಿರುವ ವಾಹನ ಓಡಿಸಲು ಸುರಕ್ಷಿತವಾಗಿದೆಯೇ, ಅದು ಉಗುಳುವ ಹೊಗೆ ಮಿತಿಯೊಳಗಿದೆಯೇ ಎಂದು ನಿಗದಿತ ಅವಧಿಗೊಮ್ಮೆ ಕಾನೂನಿನಂತೆ ನಡೆಸುವ ತಪಾಸಣೆಯೇ ರಸ್ತೆಯೋಗ್ಯತೆ ಪರೀಕ್ಷೆ. ಕರ್ನಾಟಕದಲ್ಲಿ ಎಫ್‌ಸಿ ಮಾಡಿಸುವುದು ಎಂದು ಜನ ಹೇಳುವುದು ಇದನ್ನೇ. ಬ್ರಿಟನ್ನಿನಲ್ಲಿ ಇದಕ್ಕೆ ಎಂಒಟಿ ಎಂಬ ಹೆಸರಿದೆ. ಪರೀಕ್ಷೆಯನ್ನು ಜಾರಿಗೆ ತಂದ ಸಾರಿಗೆ ಸಚಿವಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಆ ಸಚಿವಾಲಯದ ಹೆಸರು ಆಮೇಲೆ ಹಲವು ಸಲ ಬದಲಾಯಿತು, ಪರೀಕ್ಷೆಯ ಹೆಸರು ಮಾತ್ರ ಬದಲಾಗಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಮೂರು ವರ್ಷ ತುಂಬಿದ ಕಾರುಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ನಿಲ್ಲಬೇಕು. ಉತ್ತರ ಐರ್ಲೆಂಡಿನಲ್ಲಿ ನಾಲ್ಕು ವರ್ಷ ತುಂಬಿದ ಮೇಲೆ.

ಜಗತ್ತಿನ ಬೇರೆಡೆಯೂ ಇಂಥ ಪರೀಕ್ಷೆಗಳಿವೆ. ಆದರೆ ಪ್ರತಿಯೊಂದು ಕಾರು ಯಾವ ವರ್ಷ ಯಾವ ಕಾರಣಕ್ಕೆ ಫೇಲಾಯಿತು ಎಂಬುದನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟದ್ದು ಎಂಒಟಿಯ ಹೆಚ್ಚುಗಾರಿಕೆ. ಹಳೆಯ ಕುಟುಂಬ ಕಾರು ಹೇಗೆ ಸವೆಯುತ್ತದೆ, ಎಲ್ಲಿ ಮೊದಲು ಸೋಲುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಆ ದಾಖಲೆಯನ್ನು ಓದುವ ಕ್ರಮ ಗೊತ್ತಿರಬೇಕು ಅಷ್ಟೆ. ಪಾಸಾದವುಗಳ ಶೇಕಡಾವಾರು ಲೆಕ್ಕ ಹೇಳುವುದು ಕಡಿಮೆ, ಫೇಲಾದ ಕಾರಣಗಳ ಪಟ್ಟಿ ಹೇಳುವುದು ಹೆಚ್ಚು.

ಪರೀಕ್ಷೆ ಬೆಳೆದ ಬಗೆ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ರಸ್ತೆಗಳಲ್ಲಿ ಯುದ್ಧಪೂರ್ವದ ಕಾರುಗಳು ಇನ್ನೂ ದೊಡ್ಡ ಸಂಖ್ಯೆಯಲ್ಲಿ ಓಡುತ್ತಿದ್ದವು. ಬ್ರೇಕು ಹಿಡಿಯದ, ದೀಪ ಉರಿಯದ ಬಂಡಿಗಳೂ ಅವುಗಳಲ್ಲಿದ್ದವು. 1956ರ ರಸ್ತೆ ಸಂಚಾರ ಕಾಯ್ದೆ ಪರೀಕ್ಷೆಗೆ ದಾರಿ ಮಾಡಿತು. ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಅವರ ಕಾಲದಲ್ಲಿ, 1960ರ ಸೆಪ್ಟೆಂಬರ್ 12ರಂದು ಅದು ಶುರುವಾಯಿತು. ಆಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಪರೀಕ್ಷೆ. ನೋಡುತ್ತಿದ್ದದ್ದು ಬ್ರೇಕು, ದೀಪ, ಸ್ಟೇರಿಂಗು, ಇಷ್ಟೇ. ಫೇಲಾಗುವ ಕಾರುಗಳ ಪ್ರಮಾಣ ನೋಡಿ ಅಧಿಕಾರಿಗಳೇ ಬೆಚ್ಚಿದರು. 1961ರ ಕೊನೆಗೆ ಹತ್ತು ವರ್ಷದ ಮಿತಿ ಏಳಕ್ಕಿಳಿಯಿತು, 1967ರಲ್ಲಿ ಮೂರಕ್ಕೆ ಬಂದು ನಿಂತಿತು.

ಆಮೇಲಿನದು ಸೇರ್ಪಡೆಗಳ ಕಥೆ. 1968ರಲ್ಲಿ ಟೈರುಗಳು ಪಟ್ಟಿಗೆ ಬಂದವು. 1977ರಲ್ಲಿ ವೈಪರ್, ಇಂಡಿಕೇಟರ್, ಹಾರ್ನ್, ಸೈಲೆನ್ಸರ್ ಜೊತೆಗೆ ಕಾರಿನ ಒಡಲು ಮತ್ತು ಚಾಸಿಯ ಸ್ಥಿತಿಯೂ ಸೇರಿತು. ತುಕ್ಕು ಹಿಡಿದ ಕಾರುಗಳ ಪಾಲಿಗೆ ಅದು ದೊಡ್ಡ ತಿರುವು. ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆ 1991ರಲ್ಲಿ ಬಂತು, ಡೀಸೆಲ್ ಕಾರುಗಳದು 1994ರಲ್ಲಿ. 2012ರಲ್ಲಿ ಏರ್‌ಬ್ಯಾಗ್ ಮುಂತಾದವುಗಳ ಎಚ್ಚರಿಕೆ ದೀಪಗಳೂ ಫೇಲಾಗುವ ಕಾರಣಗಳಾದವು. ಹೊಸ ಕಾರಿಗೆ ಮೊದಲ ಪರೀಕ್ಷೆಯನ್ನು ಮೂರರ ಬದಲು ನಾಲ್ಕು ವರ್ಷಕ್ಕೆ ಮುಂದೂಡುವ ಪ್ರಸ್ತಾಪವನ್ನು ಸರ್ಕಾರ 2023ರಲ್ಲಿ ಜನರ ಮುಂದಿಟ್ಟಿತ್ತು. ವಿರೋಧ ಬಂದದ್ದರಿಂದ 2024ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ಆ ನಿರ್ಧಾರ ಸರಿಯಾದದ್ದು. ಮೂರು ವರ್ಷದೊಳಗೆ ಟೈರು ಸವೆದುಹೋಗುವಷ್ಟು ಓಡುವ ಕಾರುಗಳು ಬೇಕಾದಷ್ಟಿವೆ.

2018ರ ಮೇ 20ರಂದು ಬಂದ ಬದಲಾವಣೆ ಫಲಿತಾಂಶದ ಭಾಷೆಯನ್ನೇ ತಿದ್ದಿತು. ಅಲ್ಲಿಯವರೆಗೆ ಪಾಸು, ಫೇಲು, ಜೊತೆಗೆ ಎಚ್ಚರಿಕೆಯ ಟಿಪ್ಪಣಿ ಇದ್ದವು. ಈಗ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ಮೂರಾಗಿ ವಿಂಗಡಿಸುತ್ತಾರೆ. ಮೊದಲೆರಡರಲ್ಲಿ ಯಾವುದಿದ್ದರೂ ಕಾರು ಫೇಲು. ಅಪಾಯಕಾರಿ ಎಂದು ಬರೆದರೆ ದುರಸ್ತಿಯಾಗುವ ತನಕ ಕಾರನ್ನು ರಸ್ತೆಗಿಳಿಸುವಂತಿಲ್ಲ. ಸಣ್ಣ ದೋಷಗಳಿದ್ದರೆ ಪಾಸು ಮಾಡುತ್ತಾರೆ, ಆದರೆ ಬರೆದುಕೊಡುತ್ತಾರೆ. ಹಳೆಯ ಎಚ್ಚರಿಕೆ ಟಿಪ್ಪಣಿಯೂ ಹಾಗೇ ಉಳಿದಿದೆ. ಸದ್ಯಕ್ಕೆ ದೋಷವಲ್ಲ, ಮುಂದೆ ಆಗಬಹುದು ಎಂಬುದಕ್ಕೆ ಆ ಟಿಪ್ಪಣಿ.

ಗ್ಯಾರೇಜಿನೊಳಗೆ

ಪರೀಕ್ಷೆ ನಡೆಸುವುದು ಸರ್ಕಾರಿ ಕಚೇರಿಯಲ್ಲ, ಖಾಸಗಿ ಗ್ಯಾರೇಜುಗಳು. ಚಾಲಕ ಮತ್ತು ವಾಹನ ಗುಣಮಟ್ಟ ಸಂಸ್ಥೆ, ಅಂದರೆ ಡಿವಿಎಸ್‌ಎ, ಪರವಾನಗಿ ಕೊಟ್ಟಿರುವ 20,000ಕ್ಕೂ ಹೆಚ್ಚು ಗ್ಯಾರೇಜುಗಳಲ್ಲಿ ತರಬೇತಿ ಪಡೆದ ಪರೀಕ್ಷಕರಿದ್ದಾರೆ. ಒಂದು ಕಾರಿಗೆ ಅವರು ವಸೂಲು ಮಾಡಬಹುದಾದ ಗರಿಷ್ಠ ಶುಲ್ಕ 54.85 ಪೌಂಡ್. 2010ರಿಂದ ಆ ಮೊತ್ತ ಏರಿಲ್ಲ. ಪೈಪೋಟಿಯಿಂದಾಗಿ ಬಹಳ ಕಡೆ ಇದಕ್ಕಿಂತ ಕಡಿಮೆಗೇ ಮಾಡಿಕೊಡುತ್ತಾರೆ, ಮುಂದೆ ಸಿಗುವ ರಿಪೇರಿ ಕೆಲಸದ ಆಸೆಯೂ ಅದರಲ್ಲಿರುತ್ತದೆ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಪರೀಕ್ಷಾ ಕೇಂದ್ರಗಳು ಸರ್ಕಾರದವು, ಅಲ್ಲಿ ಯಾರೂ ರಿಪೇರಿ ಮಾಡುವುದಿಲ್ಲ.

ಪರೀಕ್ಷೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಪರೀಕ್ಷಕ ಮೊದಲು ಸೀಟಿನಲ್ಲಿ ಕುಳಿತು ಸೀಟ್ ಬೆಲ್ಟುಗಳನ್ನು ಎಳೆದು ನೋಡುತ್ತಾನೆ, ಹಾರ್ನ್ ಒತ್ತುತ್ತಾನೆ, ಇಗ್ನಿಷನ್ ಆನ್ ಮಾಡಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಹೊತ್ತಿ ಆರುತ್ತವೆಯೇ ಎಂದು ಗಮನಿಸುತ್ತಾನೆ. ಮುಂಗಾಜಿನಲ್ಲಿ ಸ್ಟೇರಿಂಗಿನ ನೇರಕ್ಕೆ 290 ಮಿಲಿಮೀಟರ್ ಅಗಲದ ಪಟ್ಟಿಯೊಂದನ್ನು ಗೊತ್ತುಮಾಡಿದ್ದಾರೆ. ಅದರೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಬಿರುಕಿದ್ದರೆ ಫೇಲು. ವೈಪರ್ ಒರೆಸುವ ಉಳಿದ ಜಾಗದಲ್ಲಿ 40 ಮಿಲಿಮೀಟರಿನ ತನಕ ರಿಯಾಯಿತಿ. ಟೈರಿನ ಮಧ್ಯದ ಮುಕ್ಕಾಲು ಭಾಗದಲ್ಲಿ, ಸುತ್ತಲೂ, 1.6 ಮಿಲಿಮೀಟರ್ ಆಳದ ಗೆರೆ ಉಳಿದಿರಬೇಕು.

ಆಮೇಲೆ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕಿನ ಬಲ ಅಳೆಯುತ್ತಾರೆ. 2010ರ ಸೆಪ್ಟೆಂಬರಿಗಿಂತ ಮುಂಚಿನ ಕಾರಾದರೆ ಆ ಬಲ ಕಾರಿನ ತೂಕದ ಕನಿಷ್ಠ 50% ಇರಬೇಕು, ಆಮೇಲಿನದಾದರೆ 58%. ಹ್ಯಾಂಡ್‌ಬ್ರೇಕಿಗೆ 16% ಸಾಕು. ಎಡಚಕ್ರ ಗಟ್ಟಿಯಾಗಿ ಹಿಡಿದು ಬಲಚಕ್ರ ಸಡಿಲವಾಗಿದ್ದರೂ ಸಾಗದು, ಎರಡರ ನಡುವಿನ ವ್ಯತ್ಯಾಸ 30% ದಾಟಿದರೆ ಫೇಲು. ಬ್ರೇಕು ಒತ್ತಿದಾಗ ಕಾರು ಒಂದೇ ಮಗ್ಗುಲಿಗೆ ಎಳೆಯುವುದು ಈ ಅಸಮತೋಲದಿಂದಲೇ.

ಹಳೆಯ ಕಾರಿನ ನಿಜವಾದ ಪರೀಕ್ಷೆ ಅದನ್ನು ಮೇಲಕ್ಕೆತ್ತಿದ ಮೇಲೆ. ಪರೀಕ್ಷಕ ಅಡಿಯಲ್ಲಿ ನಿಂತು ಟಾರ್ಚು ಬಿಡುತ್ತಾನೆ, ಚಕ್ರವನ್ನು ಹಿಡಿದು ಅಲ್ಲಾಡಿಸುತ್ತಾನೆ, ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್‌ಗಳ ಪಕ್ಕ ಸಲಾಕೆ ತೂರಿಸಿ ಮೀಟುತ್ತಾನೆ. ಒಡಲ ಅಂಚುಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಸಣ್ಣ ಉಪಕರಣದಿಂದ ತಟ್ಟುತ್ತಾನೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದ ತಗಡು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ.

ಅವನಿಗೂ ಮಿತಿಗಳಿವೆ. ಏನನ್ನೂ ಬಿಚ್ಚಿ ನೋಡುವಂತಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಏನಿದೆಯೋ ಅದು ಅವನಿಗೆ ಕಾಣದು. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಪರೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ. ಈಗಷ್ಟೇ ಎಂಒಟಿ ಪಾಸಾದ ಕಾರು ಮುಂದಿನ ವಾರ ಗೇರ್‌ಬಾಕ್ಸ್ ಕೆಟ್ಟು ನಿಂತರೆ ಅದು ಪರೀಕ್ಷೆಯ ಲೋಪವಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಮರೆಯುವ ಸಂಗತಿ ಇದೇ.

ಎಲ್ಲ ಕಾರುಗಳಿಗೂ ಸಾಮಾನ್ಯವಾದ ಸೋಲುಗಳು

ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆಗೆ ಬಂದ ಕಾರುಗಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಭಾಗ ಮೊದಲ ಸಲಕ್ಕೆ ಫೇಲಾಗುತ್ತದೆ. 2010ರ ಸುಮಾರಿಗೆ ಅದು ಇನ್ನೂ ಹೆಚ್ಚಿತ್ತು. ಕಾರಣಗಳ ಪಟ್ಟಿಯಲ್ಲಿ ಮೊದಲ ಸಾಲು ವರ್ಷದಿಂದ ವರ್ಷಕ್ಕೆ ಅದೇ: ದೀಪ ಮತ್ತು ಸಿಗ್ನಲ್‌ಗಳು. ಆಮೇಲೆ ಸಸ್ಪೆನ್ಷನ್, ಬ್ರೇಕು, ಟೈರು, ಮುಂಗಾಜು ಮತ್ತು ವೈಪರ್.

ಇವುಗಳಲ್ಲಿ ಎರಡು ಬಗೆಯಿವೆ. ಉರಿದುಹೋದ ಬಲ್ಬು, ಬೋಳು ಟೈರು, ಹರಿದ ವೈಪರ್ ರಬ್ಬರು, ಖಾಲಿಯಾದ ವಾಷರ್ ನೀರು ಮನೆ ಮುಂದೆ ಎರಡು ನಿಮಿಷ ನಿಂತು ನೋಡಿದರೆ ಕಣ್ಣಿಗೆ ಬೀಳುತ್ತವೆ. ಇವು ಕಾರಿನ ದೋಷಗಳೆಂದು ದಾಖಲಾದರೂ ವಾಸ್ತವದಲ್ಲಿ ಒಡೆಯನ ಅಲಕ್ಷ್ಯ. ಬುಷ್ ಸವೆತ, ಮುರಿದ ಸ್ಪ್ರಿಂಗು, ತುಕ್ಕು ಹಿಡಿದ ಬ್ರೇಕ್ ಪೈಪು ಹಾಗಲ್ಲ. ಇವು ವಯಸ್ಸು, ಓಡಿದ ದೂರ, ರಸ್ತೆ, ಹವೆಗಳ ಫಲ, ಲಿಫ್ಟಿನ ಮೇಲೇರಿಸದೆ ಗೊತ್ತಾಗುವುದಿಲ್ಲ. ಒಂದು ಮಾದರಿಯ ಕಾರು ಎಷ್ಟು ಗಟ್ಟಿ ಎಂದು ತೂಗುವಾಗ ಎರಡನೆಯ ಬಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಎರಡನ್ನೂ ಕಲಸಿ ಒಂದೇ ಶೇಕಡಾವಾರು ಅಂಕಿ ಕೊಡುವುದರಿಂದ ಕೊಳ್ಳುವವನಿಗೆ ಉಪಯೋಗವಿಲ್ಲ.

ಹೆಡ್‌ಲೈಟಿನ ಗುರಿ ತಪ್ಪುವುದು ಈ ಎರಡರ ನಡುವಿನದು. ಬಲ್ಬು ಬದಲಿಸುವಾಗ ಅದು ಸರಿಯಾಗಿ ಕೂರದಿದ್ದರೆ, ಹೊಂಡಕ್ಕಿಳಿದ ಹೊಡೆತಕ್ಕೆ ಹಿಡಿ ಸಡಿಲಗೊಂಡರೆ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಒಡೆಯನಿಗೆ ದೀಪ ಚೆನ್ನಾಗಿ ಉರಿಯುತ್ತಿದೆ ಎಂದೇ ಅನಿಸಿರುತ್ತದೆ. ಅಳತೆ ಯಂತ್ರದ ಮುಂದೆ ನಿಲ್ಲಿಸಿದಾಗಲೇ ಗುಟ್ಟು ಬಯಲು.

ಫೋಕಸ್: ಒಂದು ಕಾರಿನ ವೃದ್ಧಾಪ್ಯ

1968ರಿಂದ ಬ್ರಿಟನ್ನಿನ ಮಧ್ಯಮವರ್ಗದ ಮನೆಗಳ ಕಾರಾಗಿದ್ದ ಫೋರ್ಡ್ ಎಸ್ಕಾರ್ಟ್‌ನ ಜಾಗಕ್ಕೆ 1998ರಲ್ಲಿ ಫೋಕಸ್ ಬಂತು. ಜರ್ಮನಿಯ ಸಾರ್‌ಲೂಯಿ ಮತ್ತು ಸ್ಪೇನಿನ ವೆಲೆನ್ಸಿಯಾ ಕಾರ್ಖಾನೆಗಳಲ್ಲಿ ತಯಾರಾದ ಈ ಕಾರು 1999ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಗೆದ್ದಿತು. 1999ರಿಂದ 2008ರವರೆಗೆ ಬ್ರಿಟನ್ನಿನಲ್ಲಿ ಪ್ರತಿ ವರ್ಷ ಅತಿ ಹೆಚ್ಚು ಮಾರಾಟವಾದ ಹೊಸ ಕಾರು ಫೋಕಸ್ಸೇ. ಮೊದಲ ತಲೆಮಾರಿನದು ಯುರೋಪಿನಲ್ಲಿ 2004ರ ತನಕ ಬಂತು. ಅಂಥ ಕಾರುಗಳು ಇಂದಿಗೂ ರಸ್ತೆಯಲ್ಲಿವೆ. ಅವುಗಳಲ್ಲಿ ತೀರಾ ಹೊಸದಕ್ಕೂ ಇಪ್ಪತ್ತು ದಾಟಿದೆ.

ಫೋಕಸ್‌ನ ಹೆಸರು ನಿಂತದ್ದು ಅದರ ಓಟದ ಮೇಲೆ. ಅದೇ ದರದ ಬೇರೆ ಕಾರುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಚಕ್ರಗಳನ್ನೂ ಒಂದೇ ತಿರುಚುದಂಡ ಜೋಡಿಸುತ್ತಿತ್ತು. ರಿಚರ್ಡ್ ಪ್ಯಾರಿ ಜೋನ್ಸ್ ನೇತೃತ್ವದ ಫೋರ್ಡ್ ಎಂಜಿನಿಯರುಗಳು ಪ್ರತಿ ಚಕ್ರಕ್ಕೂ ಪ್ರತ್ಯೇಕ ತೋಳುಗಳನ್ನು ಕೊಟ್ಟರು. ಖರ್ಚು ಹೆಚ್ಚದಂತೆ ದುಬಾರಿ ಎರಕದ ಭಾಗದ ಬದಲು ಒತ್ತಿ ಮಾಡಿದ ಉಕ್ಕಿನ ಪಟ್ಟಿಯನ್ನು ಬಳಸಿದರು. ಕಂಟ್ರೋಲ್ ಬ್ಲೇಡ್ ಎಂದು ಅದಕ್ಕೆ ಹೆಸರು. ತಿರುವಿನಲ್ಲಿ ಕಾರು ರಸ್ತೆ ಹಿಡಿದ ಬಗೆಗೆ ಪರಿಣತರು ತಲೆದೂಗಿದರು. ಆಮೇಲೆ ಫೋಕ್ಸ್‌ವ್ಯಾಗನ್ ಕೂಡ ಐದನೆಯ ತಲೆಮಾರಿನ ಗಾಲ್ಫ್‌ಗೆ ಬಹುತೋಳಿನ ಹಿಂಬದಿಯನ್ನು ಅಳವಡಿಸಿತು.

ತೋಳು ಹೆಚ್ಚಾದಷ್ಟೂ ಅವುಗಳ ತುದಿಗಳಲ್ಲಿ ಕೂರುವ ರಬ್ಬರ್ ಬುಷ್‌ಗಳೂ ಹೆಚ್ಚು. ಹೊಸದರಲ್ಲಿ ಹೊಗಳಿಕೆ ತಂದ ಏರ್ಪಾಡೇ ಹದಿನೈದು ವರ್ಷದ ಮೇಲೆ ಪರೀಕ್ಷಕನ ಸಲಾಕೆಗೆ ಹೆಚ್ಚು ಕೆಲಸ ಕೊಡುತ್ತದೆ. ರಬ್ಬರು ಬಿರುಕು ಬಿಟ್ಟು ಲೋಹದಿಂದ ಕಳಚಿಕೊಂಡರೆ ಹಿಂದಿನ ಚಕ್ರಗಳ ನೇರ ತಪ್ಪುತ್ತದೆ, ಟೈರಿನ ಒಳಅಂಚು ಮಾತ್ರ ಸವೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಟೈರು ಚೆನ್ನಾಗಿಯೇ ಕಾಣುವುದರಿಂದ ಆ ಫೇಲು ಅನಿರೀಕ್ಷಿತ ಅನಿಸುತ್ತದೆ. ಮುಂದುಗಡೆ ಕೆಳತೋಳಿನ ಹಿಂಬುಷ್, ಬಾಲ್ ಜಾಯಿಂಟ್, ಆ್ಯಂಟಿ ರೋಲ್ ಬಾರಿನ ಲಿಂಕ್‌ಗಳು ಸವೆಯುತ್ತವೆ. ಲಿಂಕ್ ಸವೆದರೆ ಹಂಪುಗಳ ಮೇಲೆ ನಿಧಾನಕ್ಕೆ ಹೋಗುವಾಗ ಟಕಟಕ ಸದ್ದು ಕೇಳುತ್ತದೆ. ಅದು ಅಗ್ಗದ ಭಾಗ, ಬದಲಿಸುವುದೂ ಸುಲಭ. ಬಾಲ್ ಜಾಯಿಂಟ್ ಹಾಗಲ್ಲ. ಅದು ಕಿತ್ತು ಬಂದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅದರಲ್ಲಿ ಕಂಡ ಆಟವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಕಾಯಿಲ್ ಸ್ಪ್ರಿಂಗು ಮುರಿಯುವುದು ಫೋಕಸ್‌ಗೆ ಮಾತ್ರ ಅಂಟಿದ ರೋಗವಲ್ಲ, ಬ್ರಿಟನ್ನಿನ ಎಲ್ಲ ಹಳೆಯ ಕಾರುಗಳಲ್ಲೂ ಕಾಣುವಂಥದ್ದು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಂತೆ ಅಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಸ್ಪ್ರಿಂಗಿನ ಬುಡದ ಬಟ್ಟಲಿನಲ್ಲಿ ನಿಂತು, ಬಣ್ಣದ ಲೇಪ ಎದ್ದ ಕಡೆ ಉಕ್ಕನ್ನು ಕೊರೆಯುತ್ತದೆ. ಆಮೇಲೆ ಒಂದು ಹೊಂಡ ಸಾಕು. ಬಹಳ ಸಲ ಮುರಿಯುವುದು ಕೊನೆಯ ಅರ್ಧ ಸುತ್ತು ಮಾತ್ರ, ಕಾರು ಎಂದಿನಂತೆ ಓಡುತ್ತಲೇ ಇರುತ್ತದೆ. ಮುರಿದ ಚೂಪು ತುದಿ ಟೈರಿಗೆ ತಾಗುವ ಹಾಗಿದ್ದರೆ ಹೆದ್ದಾರಿಯ ವೇಗದಲ್ಲಿ ಟೈರು ಸೀಳಬಹುದು. ವರ್ಷಕ್ಕೊಂದು ಸಲ ಯಾರೋ ಒಬ್ಬರು ಕಾರಿನಡಿ ನಿಂತು ನೋಡಬೇಕು ಎಂಬ ಕಟ್ಟಳೆ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಉಪ್ಪು ತಗಡನ್ನೂ ತಿನ್ನುತ್ತದೆ. ಫೋಕಸ್‌ನಲ್ಲಿ ತುಕ್ಕು ಮೊದಲು ಕಾಣುವುದು ಹಿಂಚಕ್ರದ ಕಮಾನಿನಲ್ಲಿ ಮತ್ತು ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ತೊಲೆಯಲ್ಲಿ. ಕಮಾನಿನ ತುಕ್ಕು ನೋಡಲು ಕೆಟ್ಟದಾಗಿ ಕಂಡರೂ ಅದರಿಂದಲೇ ಕಾರು ಫೇಲಾಗುವುದು ಕಡಿಮೆ. ಸಿಲ್ ಕಾರಿನ ಬೆನ್ನೆಲುಬಿನ ಭಾಗ. ಸಸ್ಪೆನ್ಷನ್, ಸ್ಟೇರಿಂಗ್ ಅಥವಾ ಸೀಟ್ ಬೆಲ್ಟ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ತಗಡು ತೂತು ಬಿದ್ದಿದ್ದರೆ ನಿಯಮ ಒಪ್ಪುವುದಿಲ್ಲ. ದುರಸ್ತಿಗೂ ಕಟ್ಟುನಿಟ್ಟಿದೆ. ಅಂಥ ಕಡೆ ಫಿಲ್ಲರ್ ಮೆತ್ತಿ ಬಣ್ಣ ಹೊಡೆದರೆ ನಡೆಯದು, ಹೊಸ ತಗಡಿಟ್ಟು ಸಾಮಾನ್ಯವಾಗಿ ಅಂಚಿನುದ್ದಕ್ಕೂ ಬಿಡದೆ ವೆಲ್ಡಿಂಗ್ ಮಾಡಬೇಕು. ಇಪ್ಪತ್ತು ವರ್ಷದ ಕಾರಿನ ಬೆಲೆಗಿಂತ ವೆಲ್ಡಿಂಗಿನ ಕೂಲಿ ಹೆಚ್ಚಾದ ದಿನ ಅದು ಗುಜರಿಗೆ ಹೋಗುತ್ತದೆ. ಎಂಜಿನ್ ಕೈಕೊಡುವ ಮೊದಲೇ ತಗಡು ಕೈಕೊಟ್ಟು ಮುಗಿದ ಫೋಕಸ್‌ಗಳು ಬಹಳ.

ಬ್ರೇಕಿನ ಉಕ್ಕಿನ ಪೈಪುಗಳಿಗೂ ಅದೇ ಗತಿ. ಕಡಿಮೆ ಶಕ್ತಿಯ ಮಾದರಿಗಳ ಹಿಂಬದಿಯಲ್ಲಿರುವ ಡ್ರಮ್ ಬ್ರೇಕಿನಲ್ಲಿ ಸಿಲಿಂಡರ್ ಒಸರುವುದು, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದುಕೊಳ್ಳುವುದು ಸಾಮಾನ್ಯ.

ಫೋಕಸ್‌ನಲ್ಲಿ ಇನ್ನೊಂದು ತೊಡಕಿದೆ. ಬಾನೆಟ್ ತೆರೆಯಲು ಒಳಗೆ ಎಳೆಯುವ ಹಿಡಿಯಿಲ್ಲ. ಮುಂದಿನ ಫೋರ್ಡ್ ಲಾಂಛನವನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿನ ರಂಧ್ರಕ್ಕೆ ಕೀಲಿ ಹಾಕಿ ತಿರುಗಿಸಬೇಕು. ಮಳೆ, ಕೆಸರು, ಉಪ್ಪಿಗೆ ಸದಾ ಎದುರಾಗಿರುವ ಆ ಬೀಗ ಎಣ್ಣೆ ಕಾಣದೆ ವರ್ಷಗಟ್ಟಲೆ ಇದ್ದರೆ ಹಿಡಿದುಕೊಳ್ಳುತ್ತದೆ. ಬಲ ಹಾಕಿದರೆ ಕೀಲಿಯೇ ತಿರುಚುತ್ತದೆ. ತೆರೆಯಬೇಕಾದ ಬಾಗಿಲು, ಡಿಕ್ಕಿ, ಬಾನೆಟ್ ತೆರೆಯಲು ಆಗದಿದ್ದರೆ ಪರೀಕ್ಷಕ ಪರೀಕ್ಷೆಯನ್ನೇ ನಿರಾಕರಿಸಬಹುದು ಎಂದು ಎಂಒಟಿ ನಿಯಮ ಹೇಳುತ್ತದೆ. ಕಾರಿನ ಉಳಿದೆಲ್ಲವೂ ಸರಿಯಿದ್ದು ಒಂದು ತೊಟ್ಟು ಎಣ್ಣೆಯ ಕೊರತೆಯಿಂದ ವಾಪಸು ಹೋಗಬೇಕಾದ ಪರಿಸ್ಥಿತಿ ಹಾಗೆ ಬರುತ್ತದೆ.

ಹೊಗೆಯ ಪರೀಕ್ಷೆಯಲ್ಲಿ ಪೆಟ್ರೋಲ್ ಫೋಕಸ್ ಸೋತರೆ ಎಲ್ಲರೂ ಮೊದಲು ಶಂಕಿಸುವುದು ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು. ಅವಸರ ಮಾಡಬಾರದು. ಎಂಜಿನ್ನನ್ನು ನಿಮಿಷಕ್ಕೆ 2,500ರಿಂದ 3,000 ಸುತ್ತಿನಲ್ಲಿ ಓಡಿಸಿ ಅಳೆದಾಗ ಕಾರ್ಬನ್ ಮಾನಾಕ್ಸೈಡ್ ಸಾಮಾನ್ಯವಾಗಿ 0.2% ಮೀರಬಾರದು, ಗಾಳಿ ಮತ್ತು ಇಂಧನದ ಹದ ಸೂಚಿಸುವ ಲ್ಯಾಂಬ್ಡಾ 0.97ರಿಂದ 1.03ರೊಳಗಿರಬೇಕು. ಫೋಕಸ್‌ನ ಜೆಟೆಕ್ ಎಂಬ ಪೆಟ್ರೋಲ್ ಎಂಜಿನ್‌ಗಳಲ್ಲಿ ಎಂಜಿನ್ನಿನ ಉಸಿರುಕೊಳವೆ ಎನ್ನಬಹುದಾದ ರಬ್ಬರ್ ಮೆದುಗೊಳವೆಯೊಂದು ಹಿಂಬದಿಯಲ್ಲಿ ಕಣ್ಣಿಗೆ ಕಾಣದ ಜಾಗದಲ್ಲಿದೆ. ಎಣ್ಣೆಯ ಆವಿಗೆ ಅದು ಮೆತ್ತಗಾಗಿ ಸೀಳುತ್ತದೆ. ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗಿ ಹದ ಕೆಡುತ್ತದೆ, ಎಂಜಿನ್ ದೀಪ ಹೊತ್ತುತ್ತದೆ. 2003ರ ಜುಲೈ ನಂತರ ರಸ್ತೆಗೆ ಬಂದ ಪೆಟ್ರೋಲ್ ಕಾರಿನಲ್ಲಿ ಆ ದೀಪ ಆರದೆ ಉಳಿದರೆ ಅಷ್ಟಕ್ಕೇ ಫೇಲು. ಚಿಕ್ಕ ಕೊಳವೆಯೊಂದನ್ನು ಬದಲಿಸಿದರೆ ಮುಗಿಯುವ ತೊಂದರೆಗೆ ಕನ್ವರ್ಟರ್ ಬದಲಿಸಿದರೆ ಹಣವೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ.

ಅಂಕಿಗಳನ್ನು ಎಷ್ಟು ನಂಬಬಹುದು

ಮಾದರಿವಾರು ಫಲಿತಾಂಶಗಳನ್ನು ಬಹಿರಂಗಪಡಿಸಲು ಬ್ರಿಟನ್ನಿನ ಅಧಿಕಾರಿಗಳು ಮೊದಲು ಒಪ್ಪಿರಲಿಲ್ಲ. ಮಾಹಿತಿ ಹಕ್ಕು ಕಾನೂನಿನಡಿ ಬಿಬಿಸಿ ಬಹುಕಾಲ ಪಟ್ಟು ಹಿಡಿದ ಮೇಲೆ 2010ರಲ್ಲಿ ಅವು ಹೊರಬಂದವು. ಇಂದು ಇಡೀ ದತ್ತಾಂಶ ಸಾರ್ವಜನಿಕ. ಅದನ್ನಿಟ್ಟುಕೊಂಡು ಪತ್ರಿಕೆಗಳು ಅತಿ ಒಳ್ಳೆಯ ಕಾರು, ಅತಿ ಕೆಟ್ಟ ಕಾರು ಎಂಬ ಪಟ್ಟಿಗಳನ್ನು ಹೆಣೆಯುತ್ತವೆ.

ಆ ಪಟ್ಟಿಗಳಲ್ಲಿ ಹಲವು ತೊಡಕುಗಳಿವೆ. ಭಾನುವಾರ ಮಾತ್ರ ಹೊರಬರುವ ಸ್ಪೋರ್ಟ್ಸ್ ಕಾರನ್ನೂ ದಿನವೂ ಮಕ್ಕಳನ್ನು ಶಾಲೆಗೆ, ದೊಡ್ಡವರನ್ನು ಕೆಲಸಕ್ಕೆ ಮುಟ್ಟಿಸುವ ಫೋಕಸ್ಸನ್ನೂ ವಯಸ್ಸೊಂದನ್ನೇ ನೋಡಿ ಹೋಲಿಸುವುದು ನ್ಯಾಯವಲ್ಲ. ಓಡಿದ ದೂರವನ್ನೂ ಹಿಡಿಯಬೇಕು. ಇನ್ನು, ಕಾರು ಅಗ್ಗವಾದಂತೆ ಅದು ಸರ್ವೀಸಿಗೆ ಹಣವಿಲ್ಲದವರ ಕೈ ಸೇರುತ್ತದೆ. ಆಗ ಫೇಲಾಗುವುದು ಮಾದರಿಯ ದೋಷದಿಂದಲೋ ಒಡೆಯನ ಬಡತನದಿಂದಲೋ ಎಂದು ಅಂಕಿ ಹೇಳುವುದಿಲ್ಲ. ವಯಸ್ಸು ತೀರಾ ಹೆಚ್ಚಾದ ಮೇಲೆ ಮತ್ತೊಂದು ವಿಚಿತ್ರ: ಕೆಟ್ಟವೆಲ್ಲ ಗುಜರಿ ಸೇರಿ, ಅಕ್ಕರೆಯಿಂದ ಸಾಕಿದವಷ್ಟೇ ಪರೀಕ್ಷೆಗೆ ಬರುತ್ತವೆ. ಅವುಗಳ ಫಲಿತಾಂಶ ನೋಡಿ ಆ ಮಾದರಿಯೇ ಗಟ್ಟಿ ಎಂದು ಹೇಳಲಾಗದು.

ಪರೀಕ್ಷಕರ ವಿಷಯಕ್ಕೆ ಬಂದರೆ, ಫೇಲು ಮಾಡಿದ ಗ್ಯಾರೇಜೇ ರಿಪೇರಿ ಮಾಡಿ ದುಡಿಯಬಹುದಾದ್ದರಿಂದ ಬೇಡದ ಕೆಲಸ ಹೊರಿಸುತ್ತಾರೆಂಬ ಗುಮಾನಿ ಮೊದಲಿನಿಂದಲೂ ಇದೆ. ಇದಕ್ಕೆ ತದ್ವಿರುದ್ಧವಾದ ಅಕ್ರಮವೂ ಇದೆ, ಅದು ಹೆಚ್ಚು ಅಪಾಯಕಾರಿ. ಕಾರು ಗ್ಯಾರೇಜಿಗೆ ಬಾರದೆಯೇ ಪಾಸಾದ ದಾಖಲೆ ಕೊಡುವುದನ್ನು ಅಲ್ಲಿ ಭೂತ ಎಂಒಟಿ ಎನ್ನುತ್ತಾರೆ. ಅದನ್ನು ತಡೆಯಲು, ಪರೀಕ್ಷೆಯ ಜಾಗದಲ್ಲಿ ನಿಂತ ಕಾರಿನ ಫೋಟೊ ತೆಗೆದು ಸೇರಿಸುವ ಪ್ರಯೋಗವನ್ನು ಡಿವಿಎಸ್‌ಎ 2025ರಲ್ಲಿ ಕೈಗೊಂಡಿತು. ಆಗಷ್ಟೇ ಪರೀಕ್ಷೆ ಮುಗಿಸಿದ ಕೆಲವು ವಾಹನಗಳನ್ನು ತನ್ನ ತಜ್ಞರಿಂದ ಮತ್ತೆ ನೋಡಿಸಿ, ಇಬ್ಬರ ತೀರ್ಪು ಹೊಂದುತ್ತದೆಯೇ ಎಂದೂ ಅದು ಪರಿಶೀಲಿಸುತ್ತದೆ. ತೀರ್ಪುಗಳು ಎಲ್ಲ ಸಲ ಹೊಂದುವುದಿಲ್ಲ. ಬುಷ್ ಎಷ್ಟು ಅಲ್ಲಾಡಿದರೆ ಹೆಚ್ಚು, ತುಕ್ಕು ಎಷ್ಟು ಆಳಕ್ಕಿಳಿದರೆ ಅಪಾಯ ಎಂಬುದರಲ್ಲಿ ಕೈ ಮತ್ತು ಕಣ್ಣಿನ ಅಂದಾಜು ಇದ್ದೇ ಇದೆ.

ಸರ್ಕಾರವೇ ನಡೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನಲೂ ಬರುವುದಿಲ್ಲ. 2020ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಸರ್ಕಾರಿ ಕೇಂದ್ರಗಳ ಲಿಫ್ಟುಗಳಲ್ಲೇ ಬಿರುಕು ಕಂಡು, ಕಾರುಗಳ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಮುಗಿಯುತ್ತಿದ್ದ ಪ್ರಮಾಣಪತ್ರಗಳ ಅವಧಿಯನ್ನು ಪರೀಕ್ಷೆಯಿಲ್ಲದೆ ವಿಸ್ತರಿಸಿದರು.

ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪರೀಕ್ಷೆ ನಡೆಸುವ ಅಲ್ಲಿನ ಟುಫ್ ಸಂಸ್ಥೆಗಳ ವಾರ್ಷಿಕ ವರದಿ ಯುರೋಪಿನಲ್ಲೆಲ್ಲ ಓದುಗರನ್ನು ಗಳಿಸಿದೆ. 2024 ಮತ್ತು 2025ರ ವರದಿಗಳಲ್ಲಿ ಎರಡು, ಮೂರು ವರ್ಷದ ಕಾರುಗಳ ಪೈಕಿ ತಳದಲ್ಲಿ ನಿಂತದ್ದು ವಿದ್ಯುತ್ ಚಾಲಿತ ಟೆಸ್ಲಾ ಮಾಡೆಲ್ 3. ಕಾರಣಗಳೆಂದರೆ ದೀಪ, ಬ್ರೇಕ್ ಡಿಸ್ಕ್, ಸಸ್ಪೆನ್ಷನ್. ಎಂಜಿನ್ನೇ ಇಲ್ಲದ ಕಾರೂ ಹಳೆಯ ಫೋಕಸ್ ಎಡವುವ ಜಾಗಗಳಲ್ಲೇ ಎಡವಿತು.

ಹಾಗಾದರೆ ಕೊಳ್ಳುವವನು ನೋಡಬೇಕಾದದ್ದು ಏನು? ಬ್ರಿಟನ್ನಿಗೆ ಓದಲೋ ದುಡಿಯಲೋ ಹೋಗಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೂ ಈ ಪ್ರಶ್ನೆ ಎದುರಾಗುತ್ತದೆ. ಸರ್ಕಾರಿ ಜಾಲತಾಣದಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ 2005ರಿಂದೀಚಿನ ಪರೀಕ್ಷೆಗಳ ಚರಿತ್ರೆ ಬಿಟ್ಟಿಯಾಗಿ ಸಿಗುತ್ತದೆ. ಪ್ರತಿ ಸಲ ಓಡೋಮೀಟರ್ ತೋರಿದ ಅಂಕಿಯೂ ಅಲ್ಲಿರುತ್ತದೆ, ಮೀಟರ್ ಹಿಂದಕ್ಕೆ ತಿರುಗಿಸಿದ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಫೇಲುಗಳಿಗಿಂತ ಟಿಪ್ಪಣಿಗಳನ್ನು ಓದಬೇಕು. ಹಿಂಬದಿ ಬ್ರೇಕ್ ಪೈಪಿನಲ್ಲಿ ಲಘು ತುಕ್ಕು ಎಂದು ಒಂದು ವರ್ಷ, ತುಕ್ಕು ಎಂದು ಮರುವರ್ಷ, ಅತಿ ತುಕ್ಕು, ಫೇಲು ಎಂದು ಮೂರನೆಯ ವರ್ಷ ಬರೆದಿದ್ದರೆ ಒಡೆಯ ಎರಡು ಎಚ್ಚರಿಕೆಗಳನ್ನು ಕಡೆಗಣಿಸಿದ್ದಾನೆ ಎಂದರ್ಥ. ಅಂಥವನು ಎಂಜಿನ್ ಆಯಿಲ್ ಕೂಡ ಹೊತ್ತಿಗೆ ಬದಲಿಸಿರಲಾರ. ಫೇಲಾದ ಮರುದಿನವೇ ಹೊಸ ಸ್ಪ್ರಿಂಗ್ ಹಾಕಿಸಿ ಪಾಸು ಮಾಡಿಸಿಕೊಂಡ ಕಾರು, ಆರು ಟಿಪ್ಪಣಿಗಳೊಂದಿಗೆ ಮೊದಲ ಸಲಕ್ಕೇ ಪಾಸಾದ ಕಾರಿಗಿಂತ ಮೇಲು.

ಭಾರತದಲ್ಲಿ

ಭಾರತದ ಖಾಸಗಿ ಕಾರಿಗೆ ಮೊದಲ ಹದಿನೈದು ವರ್ಷ ಇಂಥ ಪರೀಕ್ಷೆ ಇಲ್ಲ. ನೋಂದಣಿ ಅಷ್ಟು ಕಾಲ ಚಾಲ್ತಿಯಲ್ಲಿರುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಮಾತ್ರ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್‌ಸಿ ಕಡ್ಡಾಯ. ಖಾಸಗಿ ಕಾರಿನ ಒಡೆಯ ಈ ನಡುವೆ ಮಾಡಿಸುವುದು ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಒಂದನ್ನೇ. ಅದು ಹೊಗೆಯನ್ನು ನೋಡುತ್ತದೆ, ಬ್ರೇಕನ್ನಲ್ಲ. ಬ್ರಿಟನ್ನಿನಲ್ಲಿ ಹನ್ನೆರಡು ಸಲ ಅಡಿಯಿಂದ ಪರೀಕ್ಷೆಗೊಳಗಾಗುವ ವಯಸ್ಸಿನ ಕಾರು ಇಲ್ಲಿ ಒಂದು ಸಲವೂ ಲಿಫ್ಟ್ ಏರದೆ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಗಬಹುದು. ಘಾಟಿ ರಸ್ತೆಯಲ್ಲಿ ತುಂಬಿದ ಸಂಸಾರದೊಂದಿಗೆ ಇಳಿಯುವ ಕಾರುಗಳ ವಿಷಯದಲ್ಲಿ ಇದು ಕಳವಳದ ಸಂಗತಿ. ಕರಾವಳಿಯ ಉಪ್ಪುಗಾಳಿಗೂ ಬ್ರಿಟನ್ನಿನ ರಸ್ತೆ ಉಪ್ಪಿಗೂ ತಗಡಿನ ಮಟ್ಟಿಗೆ ಭೇದವಿಲ್ಲ.

ಮನುಷ್ಯರ ಅಂದಾಜಿನ ಬದಲು ಯಂತ್ರಗಳೇ ಬ್ರೇಕಿನ ಬಲ, ದೀಪದ ಗುರಿ, ಸಸ್ಪೆನ್ಷನ್ ಅಳೆಯುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳನ್ನು ಕೇಂದ್ರ ಸರ್ಕಾರ ರಾಜ್ಯಗಳಲ್ಲಿ ಬೆಳೆಸುತ್ತಿದೆ. ಬೆಂಗಳೂರಿನ ಬಳಿ ನೆಲಮಂಗಲದಲ್ಲೂ ಅಂಥದೊಂದು ಕೇಂದ್ರ ಎದ್ದಿದೆ. ಅಲ್ಲಿ ಅಳತೆಗಳು ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಆದರೆ ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಕಾರಿನ ನಂಬರು ಹಾಕಿದವನಿಗೆ ಕಾಣುವುದು ಫಿಟ್‌ನೆಸ್ ಎಂದಿನವರೆಗೆ ಇದೆ, ಇನ್ಷೂರೆನ್ಸ್ ಎಂದಿಗೆ ಮುಗಿಯುತ್ತದೆ ಎಂಬಂಥ ವಿವರಗಳು. ಯಾವ ಬುಷ್ ಸವೆದಿತ್ತು, ಯಾವ ಚಕ್ರದ ಬ್ರೇಕು ಸಡಿಲವಿತ್ತು ಎಂಬ ಪಟ್ಟಿ ಅದರಲ್ಲಿಲ್ಲ.